ದರ್ಜಿ ಮಹಿಳೆಯೊಬ್ಬಳ ಅಳಲು

1895ನೇ ಇಸವಿ. ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರ್ ಪಟ್ಟಣದಲ್ಲಿ ಬಟ್ಟೆ ಹೊಲಿದು ಜೀವಿಸುತ್ತಿದ್ದ ಮಹಿಳೆಯೊಬ್ಬಳು ಪರಿಚಿತ ವೈದ್ಯರ ಬಳಿ ತನ್ನ ಮನದ ಭಾರವನ್ನು ತೋಡಿಕೊಂಡಳು. ತನ್ನ ಮನೆತನದ ಅನೇಕರು ಹೊಟ್ಟೆ, ಕರುಳು ಇಲ್ಲವೇ ಗರ್ಭಕೋಶದ ಕ್ಯಾನ್ಸರಿಗೆ ಬಲಿಯಾಗಿದ್ದಾರೆ. ಇಂದು ಆರೋಗ್ಯದಿಂದಿದ್ದರೂ ತನಗೂ ಅಕಾಲ ಮರಣವೇ ಗತಿ ಎಂದು ಆಕೆ ಅಳುಕಿದ್ದಳು. ಆ ವೈದ್ಯರು ರೋಗಶಾಸ್ತ್ರಜ್ಞ ಆಲ್ಡ್ರೆಡ್ ವಾರ್ತಿನ್. ಅವರು ಆಕೆಯ ಮಾತನ್ನು ತಳ್ಳಿಹಾಕದೆ ಆ ವಂಶದ ವಿವರಗಳನ್ನು ಸಂಗ್ರಹಿಸಿ, 1913ರಲ್ಲಿ ಪ್ರಕಟಿಸಿದರು. ಆಕೆ ಅಂಜಿದಂತೆಯೇ ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡಳು. ವೈದ್ಯಲೋಕ ಆ ವಂಶವನ್ನು 'ಜಿ ಕುಟುಂಬ'ವೆಂದು ಕರೆಯಿತು.

ದಶಕಗಳ ನಂತರ, ಯೇಸುಸಭೆಯವರು ಒಮಾಹಾ ನಗರದಲ್ಲಿ ಸ್ಥಾಪಿಸಿದ ಕ್ರೈಟನ್ ವಿಶ್ವವಿದ್ಯಾನಿಲಯದ ಡಾ. ಹೆನ್ರಿ ಲಿಂಚ್ ಆ ಹಳೆಯ ದಾಖಲೆಗಳನ್ನು ಪಡೆದು, ಅಧ್ಯಯನವನ್ನು ಮುಂದುವರಿಸಿ, 1971ರಲ್ಲಿ ಪ್ರಕಟಿಸಿದರು. ಕ್ಯಾನ್ಸರ್ ವಂಶದಲ್ಲಿ ಹರಿದುಬರಬಲ್ಲದೆಂಬ ಅವರ ವಾದವನ್ನು ಬಹುಮಂದಿ ಒಪ್ಪಿರಲಿಲ್ಲ. 1993ರಲ್ಲಿ ಎಂಎಸ್‌ಎಚ್2 ಎಂಬ ಜೀನ್ ಪತ್ತೆಯಾಯಿತು. ಜಿ ಕುಟುಂಬವನ್ನು ಕಾಡಿದ್ದು ಅದರ ದೋಷವೇ ಎಂಬುದು ತರುವಾಯ ಖಚಿತವಾಯಿತು. ಈ ಸ್ಥಿತಿಗೆ ಇಂದು 'ಲಿಂಚ್ ಸಿಂಡ್ರೋಮ್' ಎಂದು ಹೆಸರು.

ಅಂದು ವಿಧಿಯೆಂದು ತೋರಿದ್ದು ಇಂದು ಹಾಗಿಲ್ಲ. ತಂದೆ ಅಥವಾ ತಾಯಿಯಲ್ಲಿ ಈ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧದಷ್ಟು. ಬಾರದಿರುವ ಸಾಧ್ಯತೆಯೂ ಅಷ್ಟೇ. ಬಂದವರೆಲ್ಲರಿಗೂ ರೋಗ ತಗಲುವುದಿಲ್ಲ. ಕೊಲೊನೋಸ್ಕೋಪಿಯನ್ನು ಕಾಲಕಾಲಕ್ಕೆ ಮಾಡಿಸಿಕೊಂಡರೆ ಕರುಳಿನ ಗಂಟುಗಳನ್ನು ಅವು ಕ್ಯಾನ್ಸರಾಗುವ ಮೊದಲೇ ತೆಗೆಯಬಹುದು. ಇನ್ನು, ನೂರು ಕ್ಯಾನ್ಸರುಗಳಲ್ಲಿ ಸುಮಾರು 5ರಿಂದ 10 ಮಾತ್ರ ಹೀಗೆ ಆನುವಂಶಿಕವಾದವು. ಆದ್ದರಿಂದ ಮನೆಯಲ್ಲಿ ಒಬ್ಬರಿಗೆ ಬಂದ ಮಾತ್ರಕ್ಕೆ ಎಲ್ಲರೂ ಎದೆಗುಂದಬೇಕಿಲ್ಲ.

ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಈ ರೋಗದ ಹೆಸರೆತ್ತುವುದೇ ಇಲ್ಲ. ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಅಜ್ಜಿಯ ಸಾವಿನ ಕಾರಣವನ್ನೂ ಮುಚ್ಚಿಡುತ್ತೇವೆ. ಹೀಗೆ ಮುಚ್ಚಿಟ್ಟದ್ದು ಆ ಹೆಣ್ಣುಮಕ್ಕಳ ಪ್ರಾಣಕ್ಕೇ ಎರವಾಗಬಹುದು.

ತಂದೆಯ ಕಡೆ, ತಾಯಿಯ ಕಡೆ, ಎರಡರಲ್ಲೂ ಯಾರಿಗೆ, ಯಾವ ಅಂಗದಲ್ಲಿ, ಯಾವ ವಯಸ್ಸಿನಲ್ಲಿ ಕ್ಯಾನ್ಸರ್ ಬಂತೆಂಬುದನ್ನು ಹಿರಿಯರಿಂದ ಕೇಳಿ ಬರೆದಿಡೋಣ. ಐವತ್ತು ತುಂಬುವ ಮೊದಲೇ ಬಂದಿದ್ದರೆ, ಅಥವಾ ಒಂದೇ ಕಡೆಯ ಹಲವರಿಗೆ ಬಂದಿದ್ದರೆ, ಆ ಹಾಳೆಯನ್ನು ವೈದ್ಯರಿಗೆ ತೋರಿಸೋಣ. ಆ ದರ್ಜಿ ಮಹಿಳೆ ಬಾಯ್ತೆರೆದು ಹೇಳಿದ್ದು ಅವಳ ಪ್ರಾಣವನ್ನು ಉಳಿಸಲಿಲ್ಲ. ಆದರೆ ಅವಳು ಕಾಣದ ಎಷ್ಟೋ ತಲೆಮಾರುಗಳಿಗೆ ಅದು ಬದುಕಿನ ದಾರಿ ತೆರೆಯಿತು.