ಹೆಸ್ಸೆಯ ಬಣ್ಣದ ಡಬ್ಬಿ (ಸ್ವಿಸ್ ಚಿತ್ರಕಾರರು, ಭಾಗ 4)

"ಮೆಟ್ರೀಲಿ ಕೂತು ನಿನಗ್ಯಾಕ್ಲೇ ಸ್ವಿಟ್ಜರ್ಲೆಂಡ್?" ಅಂತ ಕೇಳ್ತಿದ್ರಲ್ಲ, ಇವತ್ತು ಮಂಗಳೂರಿಂದಾನೇ ಶುರು ಮಾಡ್ತೀನಿ.

ಮಂಗಳೂರು ಹೆಂಚು ಗೊತ್ತಲ್ಲ? ಆ ಕಾರ್ಖಾನೆಯನ್ನ 1865ರಲ್ಲಿ ತೆರೆದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್. ನಿಘಂಟಿನ ಕಿಟೆಲ್ ಕೂಡ ಅದೇ ಮಿಷನ್ನಿನವರು. 1869ರಲ್ಲಿ ಇದೇ ಮಿಷನ್ನಿನ ಕೆಲಸಕ್ಕೆ ಮಂಗಳೂರಿಗೆ ಬಂದ ಯೊಹಾನೆಸ್ ಹೆಸ್ಸೆ, ಆರೋಗ್ಯ ಕೆಟ್ಟು 1873ರಲ್ಲಿ ವಾಪಸ್ ಹೋದ್ರು. 1877ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಅವರ ಮಗನೇ 'ಸಿದ್ಧಾರ್ಥ' ಬರೆದ ಹರ್ಮನ್ ಹೆಸ್ಸೆ.

ಕಾದಂಬರಿ ವಿಷಯ ಬಿಡಿ. ಈ ಮನುಷ್ಯ ಸುಮಾರು 3000 ಜಲವರ್ಣ ಚಿತ್ರ ಬರೆದಿದ್ದಾರೆ ಅಂತ ನಿಮಗೆ ಗೊತ್ತಿತ್ತಾ?

1911ರಲ್ಲಿ ಹಾನ್ಸ್ ಸ್ಟುರ್ಜೆನೆಗ್ಗರ್ ಅನ್ನೋ ಸ್ವಿಸ್ ಚಿತ್ರಕಾರರ ಜೊತೆ ಹಡಗು ಹತ್ತಿ ಶ್ರೀಲಂಕಾ, ಸಿಂಗಾಪುರ, ಸುಮಾತ್ರಾ ಸುತ್ತಿದ್ರು. ಅಪ್ಪ ಇದ್ದ ಮಂಗಳೂರಿಗೆ ಮಾತ್ರ ಬರಲೇ ಇಲ್ಲ! ಆಗಿನ್ನೂ ಕೈಯಲ್ಲಿ ಬ್ರಷ್ ಇರಲಿಲ್ಲ. 1916ರಲ್ಲಿ ಅಪ್ಪ ತೀರಿಕೊಂಡ್ರು, ಮಗನಿಗೆ ಕಾಯಿಲೆ, ಹೆಂಡತಿಯ ಮನಸ್ಸು ಕದಡಿತ್ತು, ಹೊರಗೆ ಮಹಾಯುದ್ಧ. ಹೆಸ್ಸೆ ಕುಸಿದುಹೋದ್ರು. ಮನಸ್ಸಿನ ಚಿಕಿತ್ಸೆ ನಡೀತಿದ್ದ ಆ ದಿನಗಳಲ್ಲೇ ಚಿತ್ರ ಬರೆಯೋಕೆ ಶುರು ಮಾಡಿದ್ದು. ವಯಸ್ಸು ಹತ್ತತ್ರ 40, ಆರ್ಟ್ ಸ್ಕೂಲ್ ಮೆಟ್ಟಿಲು ಹತ್ತಿದವರಲ್ಲ. 1919ರಲ್ಲಿ ಮೊಂಟಾನ್ಯೋಲಾ ಅನ್ನೋ ಹಳ್ಳಿ ಸೇರಿದ ಮೇಲಂತೂ ಗುಡ್ಡ, ಮನೆ, ಮರ ಬಿಟ್ಟರೆ ಬೇರೆ ಇಲ್ಲ. ಬಣ್ಣ ಕಣ್ಣಿಗೆ ಕಂಡದ್ದಲ್ಲ, ಮನಸ್ಸಿಗೆ ಅನ್ನಿಸಿದ್ದು. ಎಕ್ಸ್‌ಪ್ರೆಷನಿಸಂ ಅಂತಾರಲ್ಲ, ಅದರ ನೆರಳು ಇದು.

ಆ ನೆರಳು ಗೆಳೆಯರಿಂದ ಬಂದದ್ದು ಅನ್ನೋದು ನನ್ನ ಅಂದಾಜು. ಅವರಲ್ಲೊಬ್ಬರು ಲೂಯಿ ಮುವಾಲಿಯೆ. 1914ರ ಏಪ್ರಿಲ್‌ನಲ್ಲಿ ಪೌಲ್ ಕ್ಲೇ, ಆಗಸ್ಟ್ ಮಾಕೆ ಜೊತೆ ಟ್ಯುನೀಶಿಯಾಕ್ಕೆ ಹೋಗಿದ್ದ ಸ್ವಿಸ್ ಚಿತ್ರಕಾರ. ಬಿಸಿಲು ಕ್ಲೇಗೆ ಬಣ್ಣ ಕಲಿಸಿದ ಪ್ರವಾಸ ಅದು. ಐದೇ ತಿಂಗಳಿಗೆ ಮಾಕೆ ಯುದ್ಧದಲ್ಲಿ ಸತ್ತರು, 27 ವರ್ಷ. ನಮಗಿಂತ ಏಳೇ ವರ್ಷ ದೊಡ್ಡವರು ನೋಡ್ರಿ.

ಬಿಕಾಂನವರಿಗೆ ಒಂದು ಮಾತು. 1920ರ ಆಸುಪಾಸಲ್ಲಿ ಜರ್ಮನ್ ಮಾರ್ಕ್ ನೆಲಕಚ್ಚಿತು. ಹೆಸ್ಸೆಗೆ ಪುಸ್ತಕದ ರಾಯಲ್ಟಿ ಬರ್ತಿದ್ದದ್ದು ಅದೇ ಮಾರ್ಕ್‌ನಲ್ಲಿ, ಅಕ್ಕಿ ಬೇಳೆ ತರಬೇಕಾದ್ದು ಫ್ರಾಂಕ್‌ನಲ್ಲಿ. ಆಗ ಕೈಬರಹದ ಕವಿತೆಗೆ ಪುಟ್ಟ ಚಿತ್ರ ಸೇರಿಸಿ ಮಾರಿದ್ರು. ನಮ್ಮ ಹಣದುಬ್ಬರದ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಜರ್ಮನಿಯಲ್ಲಿ ಹುಟ್ಟಿದ ಹೆಸ್ಸೆಗೆ 1924ರಲ್ಲಿ ಸ್ವಿಸ್ ಪೌರತ್ವ ಸಿಕ್ಕಿತು. ಬರ್ನ್ ಪಕ್ಕದಲ್ಲೇ ಹುಟ್ಟಿದ ಕ್ಲೇ, ಅಪ್ಪ ಜರ್ಮನ್ ಆಗಿದ್ದಕ್ಕೆ ಕಾಗದದ ಮೇಲೆ ಜರ್ಮನ್. 1933ರಲ್ಲಿ ನಾಜಿಗಳು ಕೆಲಸ ಕಿತ್ತುಕೊಂಡ ಮೇಲೆ ಬರ್ನ್‌ಗೆ ಮರಳಿದ್ರು, ಅರ್ಜಿ ಹಾಕಿದ್ರು. ಪೌರತ್ವ ಕೈಸೇರೋ ಮೊದಲೇ, 1940ರ ಜೂನ್‌ನಲ್ಲಿ ತೀರಿಕೊಂಡ್ರು. ಮುಂದಿನ ಭಾಗ ಅವರದ್ದೇ.