ಡೊಂಕು ಕೊಳವೆಯ ಚರಿತ್ರೆ

ನೀರು ಊರಿಗೆ ಬಂದ ಕಥೆಯನ್ನು ನಮ್ಮ ಚರಿತ್ರಕಾರರು ಸೊಗಸಾಗಿ ಬರೆದಿರುವರು. ಬಳಸಿದ ನೀರು ಮನೆಯಿಂದ ಹೊರಗೆ ಹೋದ ಕಥೆಯನ್ನು ಮಾತ್ರ ಅಷ್ಟಾಗಿ ಕೈಗೆತ್ತಿಕೊಂಡಂತೆ ಕಾಣದು. ವಿಜಯಪುರವನ್ನೇ ನೋಡಿರಿ. ತೊರವಿಯ ಕಡೆಯಿಂದ ನೆಲದೊಳಗೆ ತಂದ ಕಾಲುವೆ, ಮಹಮ್ಮದ ಆದಿಲಶಾಹನ ಕಾಲದಲ್ಲಿ, 1651ರಲ್ಲಿ, ಕಟ್ಟಿದ ಬೇಗಂ ತಲಾಬ, ನೀರಿನ ಒತ್ತಡ ತಗ್ಗಿಸಿ ಹೂಳು ಹಿಡಿಯಲೆಂದು ನಡುನಡುವೆ ಎಬ್ಬಿಸಿದ ‘ಗಂಜ’ ಎಂಬ ಗೋಪುರಗಳು – ಇವನ್ನು ಕಂಡು ಪ್ರವಾಸಿಗರು ತಲೆದೂಗುವರು. ಆ ನೀರು ಸ್ನಾನವಾದ ಮೇಲೆ ಎತ್ತ ಹೋಯಿತೆಂದು ಕೇಳಿದರೆ ದಾರಿ ತೋರಿಸುವವನು ನಮ್ಮ ಮುಖವನ್ನೇ ನೋಡುವನು.

ಅಥಣಿ ತಾಲೂಕಿನ ಕೊಕಟನೂರನ್ನು ಎಲ್ಲಮ್ಮನ ಜಾತ್ರೆಯಿಂದಾಗಿ ಅನೇಕರು ಬಲ್ಲರು. ಅಲ್ಲಿ ನನ್ನ ಅಕ್ಕನ ಮನೆ. ಆ ಹಳೆಯ ಮನೆಯ ಬಚ್ಚಲೆಂದರೆ ಮೂಲೆಯಲ್ಲಿ ಹಾಸಿದ ಒಂದು ಕಲ್ಲು, ಒಲೆಯ ಮೇಲೆ ತಾಮ್ರದ ಹಂಡೆ, ಗೋಡೆಯ ಬುಡದಲ್ಲಿ ಮುಷ್ಟಿ ತೂರುವಷ್ಟು ತೂತು. ನೀರು ಆ ತೂತಿನಿಂದ ಹಿತ್ತಲಿಗೆ ಹರಿದು ಬಾಳೆಯ ಬುಡ ಸೇರುತ್ತಿದ್ದಿತು; ಉಳಿದುದನ್ನು ಬಿಸಿಲು ಕುಡಿಯುತ್ತಿದ್ದಿತು. ಕೊಳೆ ನೀರು ಮುಚ್ಚಿದ ಜಾಗದಲ್ಲಿ ನಿಲ್ಲದಿದ್ದುದರಿಂದ ನಾತಕ್ಕೆ ಬೇರೆ ಕಾವಲು ಬೇಕಿರಲಿಲ್ಲ. ಹೀಗೆಂದು ಹಳೆಯ ಕಾಲವನ್ನು ಹಾಡಿ ಹೊಗಳುವವನು ನಾನಲ್ಲ. ಮಳೆಗಾಲದಲ್ಲಿ ಆ ಎರೆಮಣ್ಣು ಕೆಸರಾದರೆ ಸೊಳ್ಳೆಗಳಿಗೆ ಅದೇ ತವರುಮನೆ. ಮೋರಿ ಬಳಿಯುವ ಕೆಲಸ ಯಾರ ಪಾಲಿಗೆ ಬರುತ್ತಿತ್ತೆಂಬುದೂ ಗೊತ್ತಿದ್ದದ್ದೇ.

ಈಚೆಗೆ ಆ ಮನೆಯನ್ನು ಹೊಸದು ಮಾಡಲು ಹೊರಟರು. ಬಚ್ಚಲು ಮನೆಯ ನಡುವಿಗೆ ಬಂದಿತು, ಗೋಡೆಗೆ ಪಿಂಗಾಣಿಯ ವಾಶ್ ಬೇಸಿನ್ ಹತ್ತಿತು, ಹಿತ್ತಲಲ್ಲಿ ಬಾಳೆಯ ಜಾಗಕ್ಕೆ ಮುಚ್ಚಿದ ಗುಂಡಿ ಬಂದಿತು. ಬೇಸಿನ್ನಿನ ಕೆಳಗೆ ಗೌಂಡಿ ಒಂದು ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಕೊಳವೆಯನ್ನು ನೆಟ್ಟಗೆ ನೆಲದ ಪೈಪಿಗೆ ಇಳಿಬಿಟ್ಟಿದ್ದನು. ನಡುವೆ ಬಾಗು ಬೇಡವೆ ಎಂದೆ.

“ನೀರು ನೆಟ್ಟಗ ಹೋಗ್ಲಿ ಬಿಡ್ರಿ ಸಾಹೇಬ್ರ. ಸೊಟ್ಟ ಮಾಡಿದ್ರ ಕಸ ಸಿಗತೈತಿ.”

ಅಕ್ಕನೂ ಅವನ ಪಕ್ಷವೇ. “ತಮ್ಮಾ, ನೀ ಸುಮ್ನ ಇರು. ಅವಂಗ ಗೊತ್ತೈತಿ.”

ಗೌಂಡಿಯ ಮಾತು ಸುಳ್ಳಲ್ಲ. ಕೂದಲು, ಸಾಬೂನಿನ ಜಿಡ್ಡು ಸಿಕ್ಕಿಕೊಳ್ಳುವುದು ಬಾಗಿನಲ್ಲಿಯೇ. ಆದರೆ ಆ ಸೊಟ್ಟಕ್ಕೆ ಎರಡೂವರೆ ಶತಮಾನದ ಇತಿಹಾಸವಿದೆ.

1775ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರದ ಕುಶಲಿ, ನೀರು ಬಿಟ್ಟು ತೊಳೆಯುವ ಪಾಯಖಾನೆಯೊಂದಕ್ಕೆ ಪೇಟೆಂಟ್ ಪಡೆದನು. ಅದರ ಕೆಳಗಿನ ಕೊಳವೆಯನ್ನು ಆತನು ಹಾವಿನಂತೆ ಬಗ್ಗಿಸಿದ್ದನು. ನೀರು ಹರಿದುಹೋದ ಮೇಲೂ ಆ ಬಾಗಿನಲ್ಲಿ ಒಂದಿಷ್ಟು ಉಳಿಯುವುದು. ಕೊಳೆಯನ್ನು ಹೊರಗೆ ಬಿಟ್ಟು, ಚರಂಡಿಯ ಗಾಳಿಯನ್ನು ಒಳಗೆ ಬಿಡದ ಬಾಗಿಲು ಅದು. ತಿರುಗಣಿಯಿಲ್ಲ, ಚಿಲಕವಿಲ್ಲ, ಸವೆಯುವ ಭಾಗವೊಂದೂ ಇಲ್ಲ. ಗಡಿಯಾರ ಮಾಡುವವನಿಗೆ ಇದು ಹೊಳೆದುದು ನನಗೆ ಈಗಲೂ ಬೆರಗು.

ಮುಂದೆ ಇಂಗ್ಲೆಂಡಿನಲ್ಲಿ ಈ ಬಾಗಿಗೆ ಬೆಲೆ ಬಂದುದು ಒಂದು ತಪ್ಪು ತಿಳಿವಳಿಕೆಯಿಂದ. ಕೆಟ್ಟ ಗಾಳಿಯಿಂದಲೇ ಕಾಲರಾ ಹಬ್ಬುವುದೆಂದು ಅಲ್ಲಿಯ ದೊಡ್ಡ ದೊಡ್ಡವರು ನಂಬಿದ್ದರು. ಕುಡಿಯುವ ನೀರೇ ಕಾರಣವೆಂದು ಜಾನ್ ಸ್ನೋ ಎಂಬ ವೈದ್ಯ 1854ರಲ್ಲಿ ಸೊಹೊ ಬಡಾವಣೆಯ ಪಂಪಿನತ್ತ ಬೆರಳು ತೋರಿಸಿದನು. ಆದರೂ 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ನಾರಿದಾಗ ಪಾರ್ಲಿಮೆಂಟಿನವರು ಹೆದರಿದುದು ನಾತಕ್ಕೇ. ಕಾರಣ ತಪ್ಪು, ಕೊಳವೆ ಸರಿ!

ಕಮ್ಮಿಂಗನ ಹಾವಿಗೂ ಒಂದು ದೋಷವಿದ್ದಿತು. ಬಾಗು ದಾಟಿದ ಕೊಳವೆ ನೆಟ್ಟಗೆ ನೆಲಕ್ಕಿಳಿದರೆ, ತುಂಬಿದ ನೀರು ಒಮ್ಮೆಗೇ ಧುಮುಕುವಾಗ ಬಾಗಿನಲ್ಲಿರುವ ಕಾವಲು ನೀರನ್ನೂ ಎಳೆದೊಯ್ಯುವುದು. ಬೇಸಿನ್ ಬರಿದಾಗುವಾಗ ಕೊನೆಗೆ ಕೇಳುವ ಗೊರಕೆ ಎಷ್ಟೋ ಸಲ ಅದರದೇ. ಆದುದರಿಂದ ಆಮೇಲಿನವರು ಬಾಗಿನ ಮುಂದಿನ ಕೊಳವೆಯನ್ನು ಅಡ್ಡಲಾಗಿ ಗೋಡೆಯೊಳಕ್ಕೆ ಒಯ್ದು, ಅಡಿಗೆ ಕಾಲು ಅಂಗುಲದಷ್ಟು ಇಳಿಜಾರು ಕೊಟ್ಟು, ಗಾಳಿಯಾಡುವ ಪೈಪಿಗೆ ಕೂಡಿಸಿದರು.

ಬಚ್ಚಲ ನೆಲದಲ್ಲಿ ಕೂಡಿಸುವ ಇಂಥದೇ ಬಾಗಿಗೆ ನಮ್ಮ ಪ್ಲಂಬರರು ‘ನಾಣಿ ಟ್ರಾಪ್’ ಎನ್ನುವರು. ಇಂಗ್ಲಿಷಿನ ಟ್ರಾಪಿಗೆ ಗಂಟುಬಿದ್ದ ಆ ಮೊದಲ ಪದ ಮರಾಠಿಯ ‘ನ್ಹಾಣಿ’, ಎಂದರೆ ಬಚ್ಚಲು. 1956ರವರೆಗೆ ಮುಂಬಯಿಯ ಆಳಿಕೆಯಲ್ಲಿದ್ದ ಬೆಳಗಾವಿ ಸೀಮೆಗೆ ಈ ಸಂಕರ ಪರಕೀಯವೆನಿಸದು.

ಬಾಗಿದ್ದರೆ ಸಾಲದು, ಅದರಲ್ಲಿ ನೀರೂ ಇರಬೇಕು. 2003ರ ಮಾರ್ಚ್ ತಿಂಗಳಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ವಠಾರದಲ್ಲಿ ಸಾರ್ಸ್ ರೋಗವು 300ಕ್ಕೂ ಹೆಚ್ಚು ಜನರಿಗೆ ತಗಲಿತು. ತನಿಖೆಗೆ ಬಂದವರು ತೋರಿಸಿಕೊಟ್ಟ ಕಾರಣಗಳಲ್ಲಿ ಬಚ್ಚಲ ನೆಲದ ಬಾಗುಗಳು ಒಣಗಿದ್ದುದೂ ಒಂದು. ಅಲ್ಲಿಯವರು ನೆಲಕ್ಕೆ ನೀರು ಹೊಯ್ಯದೆ ಒರೆಸಿಬಿಡುತ್ತಿದ್ದರು, ಬಾಗು ಬತ್ತಿದ್ದಿತು, ಗಾಳಿ ಹೊರಹಾಕುವ ಫ್ಯಾನು ತಿರುಗಿದಾಗ ಪೈಪಿನೊಳಗಿನ ಸೋಂಕಿನ ಹನಿಗಳು ಕೋಣೆಯೊಳಕ್ಕೆ ಬಂದುವೆಂದು ಅವರು ತರ್ಕಿಸಿದರು.

ಇದನ್ನು ಹೇಳಿದ ಮೇಲೆ ಅಕ್ಕ ಗೌಂಡಿಯನ್ನು ತಿರುಗಿ ಕರೆಸಿದಳು. ಗೋಡೆಯನ್ನು ಒಂದು ಗೇಣು ಕೆತ್ತಿ ಪೈಪನ್ನು ಅಡ್ಡಲಾಗಿ ಒಯ್ಯಬೇಕಾಯಿತು. ಬಾಗಿನ ತಳಕ್ಕೆ ತಿರುಪಿನ ಮುಚ್ಚಳವಿದ್ದು, ಬಿಚ್ಚಿ ಕಸ ತೆಗೆಯಬಹುದೆಂದು ಕಂಡಾಗ ಅವನ ಆಕ್ಷೇಪಣೆಯೂ ತೀರಿತು. ಅಕ್ಕ ಮಗನ ಮನೆಗೆಂದು ಪುಣೆಗೆ ಹೋದರೆ ಕೊಕಟನೂರಿನ ಬಾಗಿಲಿಗೆ ತಿಂಗಳುಗಟ್ಟಲೆ ಬೀಗ. ವೈಶಾಖದ ಆ ಬಿಸಿಲಿಗೆ ಬಾಗಿನ ಎರಡು ಅಂಗುಲ ನೀರು ಎಷ್ಟು ದಿನ ತಡೆದೀತು? ಹದಿನೈದು ದಿನಕ್ಕೊಮ್ಮೆ ನೆರೆಮನೆಯವರು ಬೀಗ ತೆಗೆದು ಬೇಸಿನ್ನಿಗೊಂದು, ನಾಣಿಗೊಂದು ತಂಬಿಗೆ ನೀರು ಸುರಿಯುವುದೆಂದು ಗೊತ್ತುಮಾಡಿದ್ದಾಳೆ.