ಮುಖವಿಲ್ಲದ ಮಾತು



1932ರಲ್ಲಿ ಹಾಲಿವುಡ್ಡಿನ ಪ್ಯಾರಮೌಂಟ್ ಸಂಸ್ಥೆಯವರು ‘ದಿ ಬಿಗ್ ಬ್ರಾಡ್‌ಕಾಸ್ಟ್’ ಎಂಬ ವಾಕ್ಚಿತ್ರವನ್ನು ಹೊರತಂದರು. ಮುಚ್ಚುವ ಸ್ಥಿತಿಗೆ ಬಂದ ಬಾನುಲಿ ನಿಲಯ, ಹೊತ್ತಿಗೆ ಸರಿಯಾಗಿ ಬಾರದ ಗಾಯಕ, ಅವನ ಹಾಡಿನ ಗ್ರಾಮಫೋನ್ ತಟ್ಟೆಗಾಗಿ ಪರದಾಡುವ ಸಿರಿವಂತ ಮಿತ್ರ, ಕಥೆ ಇಷ್ಟೆ. ಚಿತ್ರದ ನಿಜವಾದ ಬಂಡವಾಳ ಬೇರೆ. ಬಿಂಗ್ ಕ್ರಾಸ್ಬಿ, ಕೇಟ್ ಸ್ಮಿತ್, ಬರ್ನ್ಸ್ ಮತ್ತು ಆಲೆನ್ ದಂಪತಿಗಳು ಮೊದಲಾಗಿ, ಜನರು ಮನೆಯಲ್ಲಿ ಕುಳಿತು ಕೇಳುತ್ತಿದ್ದ ಕಂಠಗಳಿಗೆ ಅದು ಮುಖವನ್ನು ತೋರಿಸಿತು. ಹಾಗಾದರೆ ಕಂಠವೊಂದೇ ಸಾಲದೆ?

1935ರ ಸೆಪ್ಟೆಂಬರ್ 10ರಂದು, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ, 30 ವಾಟ್ ಶಕ್ತಿಯ ಸಣ್ಣ ಯಂತ್ರದ ಮೂಲಕ ಪ್ರಸಾರವನ್ನು ಆರಂಭಿಸಿದರು. ಆ ನಿಲಯಕ್ಕೆ ಒಪ್ಪಿದ ಹೆಸರು ‘ಆಕಾಶವಾಣಿ’. ಪುರಾಣದ ಆಕಾಶವಾಣಿಗೆ ಶರೀರವಿಲ್ಲ. ರಥವನ್ನು ನಡೆಸುತ್ತಿದ್ದ ಕಂಸನು ಕೇಳಿದ್ದು ಮಾತನ್ನು ಮಾತ್ರ. ಅವನ ನಿದ್ದೆಗೆಡಿಸಲು ಅಷ್ಟೇ ಸಾಕಾಯಿತು.

ಮೈಸೂರು ಸಂಸ್ಥಾನದ ಹೊರಗೆ, ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ, ಇಂದು ಕಡಬ ತಾಲ್ಲೂಕಿನಲ್ಲಿರುವ ಪೆರಾಬೆಯ ಸೀಮೆಯವರಿಗೆ ಈ ಸಂಗತಿ ಬಾನುಲಿಗಿಂತ ಮೊದಲೇ ತಿಳಿದಿತ್ತು. ಪತ್ತನಾಜೆಗೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ರಾತ್ರಿಗಳಲ್ಲಿ ಅಲ್ಲಿ ತಾಳಮದ್ದಳೆ ನಡೆಯುವುದುಂಟು. ಕಿರೀಟವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಭಾಗವತರು ಪದವನ್ನು ಹಾಡುವರು. ಅರ್ಥಧಾರಿಗಳು ಕುಳಿತಲ್ಲಿಯೇ ಆಶುವಾಗಿ ಅರ್ಥ ಹೇಳುವರು. ಶಾಲು ಹೊದ್ದ ಇಬ್ಬರಲ್ಲಿ ಒಬ್ಬ ವಾಲಿ, ಇನ್ನೊಬ್ಬ ರಾಮ. ಮರೆಯಲ್ಲಿ ನಿಂತು ಬಾಣ ಬಿಡುವುದು ಯಾವ ಧರ್ಮವೆಂದು ವಾಲಿ ಕೇಳಿದರೆ, ರಾಮನಿಗೆ ಮಾತಿನ ಹೊರತು ಬೇರೆ ಆಯುಧವಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಹೆಸರಾದದ್ದು ಇಂತಹ ವಾದದಲ್ಲಿಯೇ.

1976ರ ಡಿಸೆಂಬರ್ 11ರಂದು ಮಂಗಳೂರಿನಲ್ಲಿ ಆಕಾಶವಾಣಿ ನಿಲಯವು ಆರಂಭವಾಯಿತು. ಅದರ ಮೂಲಕ ತಾಳಮದ್ದಳೆಯೂ ಮನೆಮನೆಗೆ ಬಂದಿತು. ಕಾಣದ ವೇಷವನ್ನು ಕೇಳಿಯೇ ಕಾಣುವ ಅಭ್ಯಾಸ ಆ ಜನಕ್ಕೆ ಮೊದಲೇ ಇದ್ದುದರಿಂದ, ಬಾನುಲಿಗೆಂದು ಆ ಕಲೆಯನ್ನು ಹೊಸದಾಗಿ ಕಟ್ಟಬೇಕಾಗಲಿಲ್ಲ.

ಆದರೆ ಬಾನುಲಿಗೆ ಒಬ್ಬ ಯಜಮಾನನುಂಟು: ಗಡಿಯಾರ. ಹಾಲಿವುಡ್ಡಿನ ಚಿತ್ರದಲ್ಲಿ ನಗೆ ಹುಟ್ಟುವುದು ಗಾಯಕನು ತಡಮಾಡುವುದರಿಂದ. ತಾಳಮದ್ದಳೆಯಲ್ಲಾದರೋ ತಡವೇ ರಸ. ವಾಲಿಯ ಒಂದು ಪ್ರಶ್ನೆಯನ್ನು ಹಿಡಿದು ಇರುಳೆಲ್ಲ ವಾದಿಸಬಹುದು. ಎದುರಾಳಿ ಏನು ಹೇಳುವನೆಂಬುದು ಕೇಳುವವರಿಗಿರಲಿ, ಹೇಳುವವನಿಗೂ ಮುಂಚಿತವಾಗಿ ತಿಳಿಯದು. ನಿಮಿಷಗಳನ್ನು ಅಳೆದು ಕೊಟ್ಟಾಗ ಮಾತು ಚೊಕ್ಕವಾಗುತ್ತದೆ ನಿಜ. ಆದರೆ ಸೋಲುವ ಭಯವೂ ಗೆಲ್ಲುವ ಬೆರಗೂ ಕುಗ್ಗುತ್ತವೆ.

ಆದ್ದರಿಂದ ನಮ್ಮ ಅಭಿಪ್ರಾಯವಿಷ್ಟು: ಮಾತಿಗೆ ಮುಖ ಹೋದರೆ ನಷ್ಟವಿಲ್ಲ, ಬಿಡುವು ಹೋದರೆ ನಷ್ಟವುಂಟು. ಇಂದಿನ ಧ್ವನಿಮುದ್ರಣಕ್ಕೆ ಇಡೀ ಇರುಳನ್ನು ಹಿಡಿದಿಡುವ ಶಕ್ತಿಯಿದೆ. ಅಷ್ಟು ಹೊತ್ತು ಕುಳಿತು ಕೇಳುವ ಕಿವಿಯನ್ನು ಮಾತ್ರ ಯಾವ ಯಂತ್ರವೂ ಮಾಡಿಕೊಡಲಾರದು. ಅದನ್ನು ನಾವೇ ಉಳಿಸಿಕೊಳ್ಳಬೇಕು.